ದೋಣಿ ತುಂಬಿಸಿದ ದಿನ

ಬಸ್ಸು ಕೊಟ್ಟೂರು ಬಿಡುವಷ್ಟರಲ್ಲಿ ಪಾಲಾಕ್ಷಪ್ಪ ಎರಡು ಸಲ ಸೀಟು ಬದಲಿಸಿದ್ದ. ಎಡತೋಳು ಕಿಟಕಿಯ ಕಡೆಗೇ ಇರಬೇಕು, ಪಕ್ಕದವರ ಮೈ ತಾಗಬಾರದು, ಹಾಗೆಂದು ಯಾರಿಗೂ ಹೇಳಲೂಬಾರದು. ತೋಳಿನ ಹಿಂಬದಿಗೆ ಅಂಟಿಕೊಂಡಿದ್ದ ಬಿಳಿ ಬಿಲ್ಲೆ ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಅದರ ಅಡಿಯಿಂದ ಕೂದಲಿನಷ್ಟು ಸಣ್ಣ ಎಳೆಯೊಂದು ಚರ್ಮದೊಳಗೆ ಇಳಿದಿದೆ ಎಂದು ಮಗಳು ರೋಜಾ ಹೇಳಿದ್ದಳು. ನೋವಿಲ್ಲ. ನೋವಿದ್ದರೆ ಬೈದುಕೊಂಡು ಮರೆಯಬಹುದಿತ್ತು. ಇದು ಸುಮ್ಮನೆ ಕೂತಿದೆ, ಒಳಗಿನ ಸಕ್ಕರೆಯನ್ನು ನೋಡುತ್ತಿದೆ, ನೋಡಿದ್ದನ್ನು ಅಂಗಿ ಜೇಬಿನ ಫೋನಿಗೆ ಹೇಳುತ್ತದೆ. ಆ ಫೋನು ಹಗರಿಬೊಮ್ಮನಹಳ್ಳಿಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ರೋಜಾಳ ಫೋನಿಗೆ ಹೇಳುತ್ತದೆ. ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ಬಾಯಲ್ಲಿ ನೀರೂರಿತು. ಊರಿದ್ದೂ ಅವಳಿಗೆ ಗೊತ್ತಾಗುತ್ತದೆಯೇನೋ ಎಂದು ಅವನು ನಿಜಕ್ಕೂ ಒಂದು ಗಳಿಗೆ ಹೆದರಿದ. ಐವತ್ತಾರು ವರ್ಷದ ಗಂಡಸು ಎಂಜಲು ನುಂಗಲು ಹೆದರುವುದು. ತೊಡೆಯ ಮೇಲಿನ ಚೀಲದಲ್ಲಿ ಅಪ್ಪನ ಕರಿ ಕಂಬಳಿ, ಡಮರುಗ, ಭಂಡಾರದ ಚೀಲ ಇದ್ದವು. ಅರಿಸಿನದ ಘಾಟಿಗೆ ಪಕ್ಕದವನು ಸೀನಿ, "ದೇವರ ಕಾರ್ಯೇನ್ರಿ?" ಎಂದ. ಹೌದೆಂದು ತಲೆಯಾಡಿಸಿದ.

ಕೂಡ್ಲಿಗಿಯಲ್ಲಿ ಅವನು ನೀರಗಂಟಿ. ಪೈಪಿನ ವಾಲ್ವ್ ತಿರುಗಿಸಿ ಓಣಿ ಓಣಿಗೆ ನೀರು ಬಿಡುವ ಕೆಲಸ. ಹೊಸಪೇಟೆಯ ಡಾಕ್ಟರು ಎರಡು ವಾರ ಇದನ್ನು ಹಾಕಿಕೊಂಡಿರು, ಎಂದಿನಂತೆ ಉಣ್ಣು, ಏನನ್ನೂ ಮುಚ್ಚಿಡಬೇಡ, ಆಮೇಲೆ ಸೂಜಿ ಬೇಕೋ ಗುಳಿಗೆ ಸಾಕೋ ನೋಡೋಣ ಎಂದಿದ್ದರು. ಬಿಲ್ಲೆ ನೋಡಿದ ದಿನವೇ ಪಂಪ್‌ಹೌಸಿನವರು, "ಊರಾಗಿನ ನಳಕ್ಕ ಮೀಟರ್ ಕೂಡ್ಸು ಅಂದ್ರ ನೀರಗಂಟಿಗೇ ಕೂಡ್ಸ್ಯಾರ ನೋಡ್ಲೇ" ಎಂದು ನಕ್ಕಿದ್ದರು. ಅವನೂ ನಕ್ಕಿದ್ದ. ಮೊದಮೊದಲು ಫೋನಿನ ಅಂಕಿಗಳನ್ನು ಪಂಪಿನ ಮುಳ್ಳನ್ನು ನೋಡಿದ ಹಾಗೆಯೇ ನೋಡುತ್ತಿದ್ದ: ಎರಡು ಇಡ್ಲಿಗೆ ಇಷ್ಟು ಏರಿತು, ಜೋಳದ ರೊಟ್ಟಿಗೆ ಇಷ್ಟು, ಕೆರೆಯ ತನಕ ನಡೆದು ಬಂದರೆ ಇಷ್ಟು ಇಳಿಯಿತು. ಆಮೇಲೆ ಒಂದು ಬೆಳಗ್ಗೆ, ಇನ್ನೂ ಚಹಾ ಸಹ ಕುಡಿದಿರಲಿಲ್ಲ, ಒಬ್ಬ ಹೆಂಗಸು ಖಾಲಿ ಕೊಡ ಹಿಡಿದು ನಡುಬೀದಿಯಲ್ಲಿ ನಿಂತು, ನಿನ್ನ ಮನೆ ಹಾಳಾಗಲಿ, ದುಡ್ಡಿದ್ದವರ ಓಣಿಗೆ ಬಿಟ್ಟು ಬರುತ್ತೀಯಾ ಎಂದು ಬೈದಳು. ಮೋಟಾರು ಸುಟ್ಟಿದೆ ಎಂದು ಹೇಳಲು ಅವಳು ಬಿಡಲಿಲ್ಲ. ಮನೆಗೆ ಬಂದು ನೋಡಿದರೆ ಫೋನಿನಲ್ಲಿ ಸಕ್ಕರೆಯ ಗೆರೆ ಗುಡ್ಡದಂತೆ ಎದ್ದಿತ್ತು. ರೋಜಾ ಫೋನ್ ಮಾಡಿ, "ಅಪ್ಪಾ, ಏನ್ ತಿಂದಿ? ಖರೇ ಹೇಳು" ಎಂದಳು. ಏನೂ ತಿಂದಿಲ್ಲ ಎಂದರೆ ನಂಬಲಿಲ್ಲ. ಬೈಸಿಕೊಂಡದ್ದೂ ರಕ್ತದಲ್ಲಿ ಸಕ್ಕರೆಯಾಗುತ್ತದೆ ಎಂದು ಅವತ್ತು ಅವನಿಗೆ ತಿಳಿಯಿತು. ಹಾಗಿದ್ದರೆ ಇಷ್ಟು ವರ್ಷ ತಾನು ತಿಂದದ್ದೆಷ್ಟು, ಬೈಸಿಕೊಂಡದ್ದೆಷ್ಟು ಎಂದು ಬೇರೆ ಮಾಡುವವರು ಯಾರು.

ಹಡಗಲಿಯಲ್ಲಿ ಇಳಿದು ಹೊಳಲಿನ ಬಸ್ಸು ಹತ್ತಿದ. ಹೊಳಲಿನಲ್ಲಿ ಅಕ್ಕ ಮೈಲಮ್ಮ ದೋಣಿ ತುಂಬಿಸುತ್ತಿದ್ದಳು. ಮೈಲಾರಪ್ಪನ ಒಕ್ಕಲಿನ ಮನೆಗಳಲ್ಲಿ ಅದು ದೊಡ್ಡ ಸೇವೆ: ಮರದ ದೋಣಿಗೆ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ತುಂಬಿಸಿ ಕಂಬಳಿಯ ಮೇಲೆ ಇಡುವುದು; ಗೊರವರು ದೇವರ ನಾಯಿಗಳಾಗಿ ಬೊಗಳುತ್ತಾ ಕೈ ಮುಟ್ಟಿಸದೆ ಬಾಯಿಂದಲೇ ತಿನ್ನುವುದು. ಹೆಣ್ಣುಮಗಳು ತುಂಬಿಸುವ ದೋಣಿಯನ್ನು ತವರಿನ ಗೊರವನೇ ತಿನ್ನಬೇಕು. ಅಪ್ಪನ ನಂತರ ದೀಕ್ಷೆ ಪಡೆದವನು ಪಾಲಾಕ್ಷಪ್ಪ ಒಬ್ಬನೇ. ಸಕ್ಕರೆಯವನಿಗೆ ದೋಣಿಯೇ ಎಂದು ರೋಜಾ ಹಿಂದಿನ ದಿನ ಫೋನಿನಲ್ಲಿ ಅತ್ತಿದ್ದಳು. ಆದರೆ ಅವನನ್ನು ತಿನ್ನುತ್ತಿದ್ದುದು ದೋಣಿಯಲ್ಲ. ಮೈಲಮ್ಮನಿಗೂ ಸಕ್ಕರೆ. ಅವಳ ಎಡಗಾಲಿನ ಎರಡನೆಯ ಬೆರಳು ಕಪ್ಪಗಾಗಿತ್ತು. ಬೆರಳು ತೆಗೆಯಬೇಕು, ತಡ ಮಾಡಿದರೆ ಪಾದ ಹೋಗುತ್ತದೆ ಎಂದು ದಾವಣಗೆರೆಯ ಆಸ್ಪತ್ರೆಯಲ್ಲಿ ಹೇಳಿದ ಮೇಲೆ ಅವಳು ಸೀರೆ ಸರಿಮಾಡಿಕೊಂಡು ಎದ್ದು ಮನೆಗೆ ಬಂದುಬಿಟ್ಟಿದ್ದಳು. ದೋಣಿ ತುಂಬಿಸಿ ನುಡಿ ಕೇಳುತ್ತೇನೆ, ಮೈಲಾರಪ್ಪ ಏನನ್ನುತ್ತಾನೋ ಅದು. ಅವಳ ಮಗ ಬೀರಲಿಂಗೇಶ್ ಫೋನಿನಲ್ಲಿ, "ಮಾವಾ, ನುಡಿ ಹೇಳೋರು ಯರ್ರಿಸ್ವಾಮಿ ತಾತ. ಅವ್ರು ಎಲ್ಲರಿಗೂ ಹೇಳೋದು ಒಂದ, ಮೈಗೆ ಕಬ್ಬಿಣ ಮುಟ್ಟಿಸಬ್ಯಾಡ ಅಂತ. ಅಂದಮ್ಯಾಲೆ ಮುಗೀತು, ಅವ್ವ ಏಳಂಗಿಲ್ಲ. ನೀವರ ಏನರ ಮಾಡ್ರಿ" ಎಂದಿದ್ದ. ಮಾಡುವುದೇನು. ಅವನು ಮುಂಚೆಯೇ ಹೇಳಿ ನೋಡಿದ್ದ. "ನೀ ನನ್ನ ತಮ್ಮ. ನಿಂಗ ಅಂಜಿಕಿ. ಅಂಜಿದವರ ಮಾತು ಕೇಳಬಾರದು" ಎಂದಿದ್ದಳು.

ಅಪ್ಪನ ಮಾತನ್ನು ಮಾತ್ರ ಇಡೀ ಸೀಮೆ ಕೇಳುತ್ತಿತ್ತು. ಅಪ್ಪನಿಗೆ ದೇವರು ಬರುತ್ತಿದ್ದ, ಅದೂ ಕೊನೆಯ ಐದಾರು ವರ್ಷ ಮೇಲಿಂದ ಮೇಲೆ. ವಯಸ್ಸಾದ ಹಾಗೆ ಮೈಲಾರಪ್ಪ ಹತ್ತಿರವಾಗುತ್ತಿದ್ದಾನೆ ಎನ್ನುತ್ತಿದ್ದರು ಜನ. ಉಪವಾಸವಿದ್ದು ಬೆಳಗಿನಿಂದ ಕುಣಿದು, ಮಧ್ಯಾಹ್ನದ ಹೊತ್ತಿಗೆ ಮೈ ನಡುಗಿ, ಬೆವರು ಹರಿದು, ಕಣ್ಣು ಎಲ್ಲೋ ನೆಟ್ಟು ಅಪ್ಪ ನಿಲ್ಲುತ್ತಿದ್ದರೆ ಅಕ್ಕ ಪಕ್ಕದಲ್ಲೇ ಇರುತ್ತಿದ್ದಳು, ಸೆರಗಿನ ಗಂಟಿನಲ್ಲಿ ಬೆಲ್ಲದ ಚೂರು ಇಟ್ಟುಕೊಂಡು. ಪಾಲಾಕ್ಷಪ್ಪನಿಗೆ ನೆನಪಿರುವುದು ಅಪ್ಪನ ಭಂಡಾರದ ಚೀಲ. ಕೊಟ್ಟೂರಿನ ಡಾಕ್ಟರು ಕೊಟ್ಟ ಗುಳಿಗೆಗಳನ್ನು, ರಕ್ತದ ಗುಳಿಗೆ ಎನ್ನುತ್ತಿದ್ದ ಅವನ್ನು, ಅಪ್ಪ ಆ ಚೀಲದಲ್ಲೇ ಇಡುತ್ತಿದ್ದ. ಹೊರತೆಗೆದಾಗ ಅವಕ್ಕೆ ಅರಿಸಿನ ಮೆತ್ತಿರುತ್ತಿತ್ತು. ಪ್ರಸಾದ ನುಂಗಿದ ಹಾಗೆ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದ. ಪಾಲಾಕ್ಷಪ್ಪನ ಮೈಮೇಲೆ ಮಾತ್ರ ಯಾರೂ ಬಂದಿರಲಿಲ್ಲ. ದೀಕ್ಷೆಯಾದ ಮೊದಲ ವರ್ಷ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನಿಸಿ ಭುಜ ಕುಣಿಸಿದ್ದ. ಯರ್ರಿಸ್ವಾಮಿ ಹತ್ತಿರ ಬಂದು ಕಿವಿಯಲ್ಲಿ, "ನೊಣ ಕುಂತಾವೇನಲೇ?" ಎಂದಿದ್ದ. ಅಂದಿನಿಂದ ಅವನು ಬರೀ ಡಮರುಗ ಬಾರಿಸುವವನು.

ಹೊಳಲಿನಲ್ಲಿ ಇಳಿಯುವ ಮೊದಲು, ದೋಣಿಯ ಬೆಲ್ಲಕ್ಕೆ ಮುಂಚೆಯೇ ದಾರಿ ಮಾಡಿಡೋಣವೆಂದು, ಬೆಳಗಿನ ಸಕ್ಕರೆ ಗುಳಿಗೆಯ ಮೇಲೆ ಇನ್ನೂ ಒಂದನ್ನು ನುಂಗಿದ. ಹೊಳೆ ನೀರು ಬರುವ ದಿನ ಮೊದಲೇ ಮುಂದಿನ ವಾಲ್ವ್ ತೆರೆದಿಟ್ಟರೆ ಪೈಪು ಒಡೆಯುವುದಿಲ್ಲ; ಮೂವತ್ತು ವರ್ಷದ ಅನುಭವ ಅದು. ದೋಣಿ ಹತ್ತು ಗಂಟೆಗೆ ಎಂದು ಹೇಳಿದ್ದರು. ಹೊಟ್ಟೆ ಖಾಲಿಯಿತ್ತು, ಗೊರವನ ಹೊಟ್ಟೆ ಖಾಲಿಯೇ ಇರಬೇಕು.

ಆದರೆ ಉಚ್ಚಂಗಿದುರ್ಗದ ಬೀಗರು ಬರಲಿಲ್ಲ. ಅವರ ಟೆಂಪೊ ದಾರಿಯಲ್ಲಿ ಕೆಟ್ಟಿತ್ತು. ಬೀಗರನ್ನು ಬಿಟ್ಟು ದೋಣಿ ತುಂಬಿಸಿದರೆ ನಾಳೆ ಮಾತು ಬರುತ್ತದೆ. ಅಂಗಳದಲ್ಲಿ ಕಂಬಳಿ ಹಾಸಿತ್ತು, ದೋಣಿ ಕೂತಿತ್ತು, ಬಾಳೆಹಣ್ಣಿನ ಗೊನೆ ನೊಣಗಳನ್ನು ಕರೆಯುತ್ತಿತ್ತು. ಅವನು ಬಂದ ಕೂಡಲೇ ಮೈಲಮ್ಮ ತೋಳಿನ ಬಿಲ್ಲೆ ನೋಡಿ, "ಇದ್ಯಾವ ತಾಯಿತಲೇ?" ಎಂದಳು. ಸಕ್ಕರೆ ನೋಡುವುದು ಎಂದ. ಅವಳು ಅದರ ಮೇಲೂ ಒಂದು ಚಿಟಿಕೆ ಭಂಡಾರ ಹಚ್ಚಿ, "ನೋಡ್ಲಿ ಬಿಡು, ನೋಡೋರು ಒಬ್ರು ಬೇಕು" ಎಂದಳು. ಅವಳ ಕಾಲಿಗೆ ಹಳೆಯ ಪಂಚೆಯ ಬಟ್ಟೆ ಸುತ್ತಿತ್ತು. ಅರಿಸಿನ, ಬೇವಿನೆಲೆ, ಅದರ ಅಡಿಯಿಂದ ಏನನ್ನು ಹಚ್ಚಿದರೂ ಮುಚ್ಚದ ಒಂದು ವಾಸನೆ. ಅವಳು ಆ ಕಾಲಿನಲ್ಲೇ ಅಡುಗೆಮನೆಗೂ ಅಂಗಳಕ್ಕೂ ಓಡಾಡುತ್ತಿದ್ದಳು. ನೋವಿಲ್ಲವೇ ಎಂದರೆ, "ನೋವಿಲ್ಲ, ಅದ ಚಲೋ ಆಗೈತಿ" ಎಂದಳು. ನೋವಿಲ್ಲದ್ದೇ ಕೆಟ್ಟದ್ದು ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಯರ್ರಿಸ್ವಾಮಿ, "ಪಾಲಾಕ್ಷಿ, ಬಾರಿಸು, ಬೀಗರು ಬರೋಮಟ ಒಂದು ಕುಣಿತ ಆಗ್ಲಿ" ಎಂದ. ಮೈಮೇಲೆ ಕಂಬಳಿ ಹಾಕಿಕೊಂಡು, ಫೋನನ್ನು ಬಾಗಿಲ ಗೂಟದ ಚೀಲದಲ್ಲಿಟ್ಟು ಅವನು ಡಮರುಗ ಎತ್ತಿಕೊಂಡ. ಬಿಸಿಲು ನೆತ್ತಿಗೆ ಬಂದಿತ್ತು.

ಮೊದಲು ತುಟಿ ಮರಗಟ್ಟಿತು. ಆಮೇಲೆ ಡಮರುಗದ ಸದ್ದು ಪಕ್ಕದ ಮನೆಯಿಂದ ಬರುತ್ತಿರುವಂತೆ ಕೇಳತೊಡಗಿತು. ತನ್ನ ಕೈ ಬಾರಿಸುತ್ತಿದೆ ಎಂದು ಅವನಿಗೆ ಕಾಣುತ್ತಿತ್ತು, ಆದರೆ ಅದು ಇನ್ನಾರದೋ ಕೈ, ಅಪ್ಪನದೇನೋ, ಉಗುರಿನ ಸಂದಿಯಲ್ಲಿ ಅರಿಸಿನ ಕೂತ ಕೈ. ಕಂಬಳಿಯೊಳಗೆ ಬೆನ್ನ ಮೇಲೆ ತಣ್ಣನೆಯ ನೀರು ಇಳಿಯಿತು. ಚೀಲದೊಳಗಿಂದ ಫೋನು ಕಿರುಚತೊಡಗಿತು. ಅದು ಸಕ್ಕರೆ ಇಳಿದಾಗಿನ ಸದ್ದು, ಏರಿದಾಗಿನದಲ್ಲ. ನಿಂತಿತು, ಆಮೇಲೆ ಎಂದಿನ ರಿಂಗು, ರೋಜಾಳದ್ದೇ ಇರಬೇಕು. "ದೇವರ ಹೊತ್ತಿನ್ಯಾಗ ಯಾರದಪ್ಪ ಅದು" ಎಂದು ಯಾರೋ ಗದರಿದರು. ಬೀರಲಿಂಗೇಶ್ ಹೋಗಿ ಫೋನಿನ ಬಾಯಿ ಮುಚ್ಚಿಸಿದ. ಮೊಣಕಾಲು ಕುಸಿದು ಪಾಲಾಕ್ಷಪ್ಪ ದೋಣಿಯ ಮುಂದೆ ಬಿದ್ದ. ಹಲ್ಲು ಕಟಕಟ ಎನ್ನುತ್ತಿದ್ದವು. ಇಡೀ ಮೈ, ಅಂದು ಭುಜ ಕುಣಿಸಿದಾಗ ಎಷ್ಟು ಬೇಡಿದರೂ ಬಾರದ ನಡುಕದಲ್ಲಿ, ತಾನಾಗಿಯೇ ನಡುಗುತ್ತಿತ್ತು. ಏನಾಗಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಗುಳಿಗೆ, ಖಾಲಿ ಹೊಟ್ಟೆ, ಬಾರದ ಬೀಗರು. ಒಂದು ಬಾಳೆಹಣ್ಣು ಸಾಕು. ಅದು ಮೊಳದಷ್ಟು ದೂರದಲ್ಲಿತ್ತು. ಯರ್ರಿಸ್ವಾಮಿಯೇ ಎದ್ದು ನಿಂತು, ಇಷ್ಟು ವರ್ಷ ಇಲ್ಲದ ಒಂದು ದನಿಯಲ್ಲಿ, "ಬಂದಾನ" ಎಂದ. ಹೆಂಗಸರು ಸೆರಗು ಹೊದ್ದು ನೆಲಕ್ಕೆ ಬಾಗಿದರು.

ಮೈಲಮ್ಮ ಕುಂಟುತ್ತಾ ಬಂದು ಅವನ ಎದುರಿಗೆ ಕೂತು, ಅವನ ಕೈ ಮುಟ್ಟಿ ನೋಡಿದಳು. ಕಾಲನ್ನು ಮುಂದೆ ಚಾಚಿ ಬಟ್ಟೆ ಬಿಚ್ಚಿದಳು. ಬೆರಳು ಸುಟ್ಟ ಮೆಣಸಿನಕಾಯಿಯ ಹಾಗಿತ್ತು. "ತಂದೀ, ದವಾಖಾನ್ಯಾಗ ಇದನ್ನ ತಗೀತೀವಿ ಅಂತಾರ. ನೀ ಕೊಟ್ಟ ಮೈ. ಕೊಡ್ಲೋ ಬ್ಯಾಡೋ, ಹೇಳಿಬಿಡು" ಎಂದಳು. ತಮ್ಮನೊಂದಿಗೆ ಅವಳು ಎಂದೂ ಆಡದ ದನಿ ಅದು. ಎಳೆಯ ಹುಡುಗಿಯ ದನಿ. ಅವನು ಅವಳನ್ನು ನೋಡಿದ, ಅವಳು ಅವನ ಹಿಂದೆ ಇರುವ ಯಾರನ್ನೋ ನೋಡುತ್ತಿದ್ದಳು. ಇದು ಸಕ್ಕರೆ ಅಕ್ಕಾ, ಇದು ನಾನು, ನಿನ್ನ ಅಂಜುಬುರುಕ ತಮ್ಮ, ಒಂದು ಹಣ್ಣು ಕೊಡು ಎನ್ನಬೇಕು. ಎಂದರೆ ಅಂಗಳ ನಗುತ್ತದೆ, ಅದು ಹೋಗಲಿ, ಯರ್ರಿಸ್ವಾಮಿ ಮುಂದೆ ಬರುತ್ತಾನೆ, ಕಬ್ಬಿಣ ಬೇಡ ಎನ್ನುತ್ತಾನೆ, ಆ ಪಾದ ಹೋಗುತ್ತದೆ. ಆಸ್ಪತ್ರೆಗೆ ಹೋಗು ಎಂದರೆ ಅಪ್ಪನ ಕಂಬಳಿ ಹೊದ್ದು ಸುಳ್ಳು ಹೇಳಿದ ಹಾಗೆ. ಈ ಎರಡನ್ನೂ ತೂಗಿ ನೋಡಿದೆ ಎಂದು ಅವನು ಆಮೇಲೆ ಅಂದುಕೊಂಡ. ನಿಜವಾಗಿ ತೂಗುವಷ್ಟು ಬುದ್ಧಿ ಆಗ ತಲೆಯಲ್ಲಿ ಉಳಿದಿತ್ತೇ? ಬಾಯಿ ಮಾತ್ರ ತೆರೆಯಿತು. ನಾಲಗೆ ದಪ್ಪಗಿತ್ತು, ಮಾತು ಎಲ್ಲೋ ಕೆಳಗಿನಿಂದ, ಬೋರಿನಿಂದ ಮೊದಲ ನೀರು ಗಾಳಿಯೊಡನೆ ಕೆಮ್ಮುತ್ತಾ ಬರುವ ಹಾಗೆ ಬಂತು.

"ಬೆರಳು ಬಿಡು. ಕಾಲು ಉಳಿಸ್ಕೋ. ಇವತ್ತ ಹೋಗು."

ಇವತ್ತ ಎಂಬ ಮಾತಿಗೆ ಯರ್ರಿಸ್ವಾಮಿಯ ಹುಬ್ಬು ಮೇಲೇರಿತು. ದೇವರು ಹಾಗೆಲ್ಲ ದಿನ ಹೇಳುವುದಿಲ್ಲ. "ಕಬ್ಬಿಣ ಮುಟ್ಟಿಸು ಅಂತಾನೇನು ಮೈಲಾರಪ್ಪ? ಎಂದಾದ್ರೂ ಅಂದಾನೇನು?" ಎಂದ. ಮೈಲಮ್ಮ ತಿರುಗಿ ಸಹ ನೋಡಲಿಲ್ಲ. "ನುಡಿ ಆತು. ನೀ ಸುಮ್ಕಿರೋ ಮಾವ" ಎಂದು ಸೆರಗಿನ ಗಂಟು ಬಿಚ್ಚಿ, ಬೆಲ್ಲದ ಚೂರನ್ನು ತೆಗೆದು, ಪಾಲಾಕ್ಷಪ್ಪನ ದವಡೆ ಹಿಡಿದು ಬಾಯೊಳಗೆ ತಳ್ಳಿದಳು. ಬೆಲ್ಲ ಕರಗಿ ಗಂಟಲಿಗೆ ಇಳಿಯುವಾಗ ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ಬೀಗರು ಬಂದರು, ಏಳುಕೋಟಿ ಎಂದು ಮೈಲಾರಪ್ಪನ ಕೂಗಾಯಿತು, ಅವನು ನಾಲ್ಕು ಕಾಲಲ್ಲಿ ನಿಂತು ಬೊಗಳಿ ದೋಣಿಗೆ ಮುಖವಿಟ್ಟ. ಹಾಲು ಮೂಗಿಗೆ ಹೋಯಿತು. ಹಸಿದ ನಾಯಿ ತಿಂದ ಹಾಗೆಯೇ ತಿಂದ; ಅದರಲ್ಲಿ ಆಟವಿರಲಿಲ್ಲ. ತಿಂದು ತಲೆಯೆತ್ತಿದಾಗ ಜನ ತನ್ನ ಕಾಲಿಗೆ ಬೀಳುತ್ತಿದ್ದರು, ಮತ್ತು ಅವನಿಗೆ ಎಲ್ಲಾದರೂ ಒರಗಿ ನಿದ್ದೆ ಮಾಡಬೇಕು ಎನ್ನುವುದೊಂದೇ ಇತ್ತು. ಬೀಗಿತಿಯೊಬ್ಬಳು ಹತ್ತಿರ ಬಂದು, ನಮ್ಮ ಸೊಸೆಗೆ ಮಕ್ಕಳಿಲ್ಲ, ಮುಂದಿನ ಅಮಾವಾಸ್ಯೆಗೆ ನಮ್ಮಲ್ಲಿಗೆ ಬರಬೇಕು ಸ್ವಾಮಿ ಎಂದಳು. ಸ್ವಾಮಿ. ಅವನು ಮುಖದ ಹಾಲು ಒರೆಸಿಕೊಂಡು ಬೇರೆ ಕಡೆ ನೋಡಿದ.

ಅಕ್ಕನನ್ನು ಅವತ್ತೇ ಹೊರಡಿಸಿದ. ನಾಳೆಗೆ ಬಿಟ್ಟರೆ ನುಡಿ ಆರುತ್ತದೆ, ಅಕ್ಕಪಕ್ಕದವರು ಬಂದು ಕೂರುತ್ತಾರೆ, ಯರ್ರಿಸ್ವಾಮಿ ಅಂಗಳಕ್ಕೆ ಬರುತ್ತಾನೆ. ಬೀರಲಿಂಗೇಶ್ ಬೀಗರಿಗೆ ಉಣಬಡಿಸಿ, ಕುರಿ ಹಟ್ಟಿಗೆ ಯಾರನ್ನಾದರೂ ನಿಲ್ಲಿಸಿ ಬೆಳಗಿನ ಬಸ್ಸಿಗೆ ಬರುವುದು ಎಂದಾಯಿತು. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ದಾವಣಗೆರೆಯ ಬಸ್ಸಿನಲ್ಲಿ ಕೂತ ಮೇಲೆ ಪಾಲಾಕ್ಷಪ್ಪ ಫೋನು ತೆಗೆದು ನೋಡಿದ. ಮಧ್ಯಾಹ್ನ ಗೆರೆ ಪಾತಾಳಕ್ಕೆ ಇಳಿದಿತ್ತು: ಐವತ್ತೊಂದು. ಅಲ್ಲಿಂದ ನೆಟ್ಟಗೆ ಎದ್ದು ಈಗ ಮುನ್ನೂರು ದಾಟಿತ್ತು. ಆ ಹಳ್ಳದ ತಳದಲ್ಲಿ ಒಂದು ಸಣ್ಣ ಕೆಂಪು ಚುಕ್ಕೆ. ಅದು ಅವನ ದೇವರು. ಡಾಕ್ಟರು ನೋಡುತ್ತಾರೆ, ಇಲ್ಲೇನಾಯಿತು ಎನ್ನುತ್ತಾರೆ. ಏನಾಯಿತು ಎಂದು ಹೇಳುವುದು. ನೋಡುತ್ತಿದ್ದಂತೆಯೇ ಫೋನು ಮತ್ತೆ ಕಿರುಚಿತು.

"ಅದೂ ನಮ್ಮಂಗ ಬೊಗಳತೈತಲ್ಲಲೇ" ಎಂದಳು ಮೈಲಮ್ಮ, ಕಿಟಕಿಯ ಪಕ್ಕದಿಂದ. "ಅದಕ್ಕ ಯಾರು ದೀಕ್ಷೆ ಕೊಟ್ರು?"

ಅವನು ನಗುವಷ್ಟರಲ್ಲಿ ರೋಜಾಳ ಫೋನು ಬಂತು. ಬಸ್ಸಿನ ಗದ್ದಲಕ್ಕೆ ಅವಳು ಕೂಗುತ್ತಿದ್ದುದು ಪಕ್ಕಕ್ಕೂ ಕೇಳುತ್ತಿತ್ತು. "ಅಪ್ಪಾ, ಎಷ್ಟು ಸಲ ಮಾಡ್ದೆ, ಯಾಕ ಎತ್ತಲಿಲ್ಲ? ಮಧ್ಯಾಹ್ನ ಐವತ್ತೊಂದಕ್ಕ ಇಳದೈತಿ. ನಡುಕ ಬಂದಿತ್ತಾ? ಬೆವರು ಬಂದಿತ್ತಾ? ಎಷ್ಟು ಗುಳಿಗಿ ನುಂಗಿದಿ, ಖರೇ ಹೇಳು."

ಪಾಲಾಕ್ಷಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ. ಅಕ್ಕ ಹೊರಗೆ ನೋಡುತ್ತಿದ್ದಳು. ಒಣಗಿದ ಮೆಕ್ಕೆಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ಹೌದು ಎಂದರೆ ಅಕ್ಕ ಕೇಳಿಸಿಕೊಳ್ಳುತ್ತಾಳೆ, ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಾಳೆ. ಇಲ್ಲ ಎಂದರೆ ಮಗಳಿಗೆ ಸುಳ್ಳು. "ದೇವರ ಕೆಲಸದಾಗಿದ್ದೆ. ನಾಳಿ ಮಾತಾಡ್ತೀನವ್ವಾ" ಎಂದು ಇಟ್ಟುಬಿಟ್ಟ. ಮುಚ್ಚಿಡಬೇಡ ಎಂದ ಡಾಕ್ಟರ ಮುಖ ಕಣ್ಣ ಮುಂದೆ ಬಂತು. ತೋಳಿನ ಬಿಲ್ಲೆ ಭಾರವಾದಂತಾಯಿತು.

ತುಸು ಹೊತ್ತು ಬಿಟ್ಟು ಮೈಲಮ್ಮ ಸೆರಗಿನ ಗಂಟಿಗೆ ಕೈ ಹಾಕಿದಳು. ಇನ್ನೊಂದು ಬೆಲ್ಲದ ಚೂರು, ಸೀರೆಯ ಎಳೆ ಅಂಟಿಕೊಂಡದ್ದು. ಅವನ ಅಂಗಿಯ ಜೇಬಿಗೆ, ಫೋನಿನ ಪಕ್ಕಕ್ಕೆ ಹಾಕಿದಳು. "ಇಟ್ಕೋ. ಹಂಗ ಬಂದಾಗ ಬಾಯಾಗ ಹಾಕ್ಕೋ. ಯಾವಾಗ್ಲೂ ನಾ ಇರ್ತೀನೇನು?"

"ನಿಂಗೂ ಬರ್ತೈತೇನಕ್ಕಾ, ನಡುಕ?"

"ಬರ್ತೈತಿ. ಮುಂಜಾನಿ ಗುಳಿಗಿ ನುಂಗಿ ಉಣ್ಣೂದು ತಡ ಆದ್ರ ಬರ್ತೈತಿ. ಬೆಲ್ಲ ಹಾಕ್ಕೊಂತೀನಿ, ಹೋಗ್ತೈತಿ." ಅವಳು ಕಾಲಿನ ಬಟ್ಟೆಯನ್ನು ಸರಿಮಾಡಿಕೊಂಡಳು. "ಅಪ್ಪಗೂ ಥೇಟ್ ಹಂಗ. ಇದ ಬೆವರು, ಇದ ತಣ್ಣನ್ನ ಕೈ. ನುಡಿ ಮುಗದ ಕೂಡ್ಲೇ ಬೆಲ್ಲ ಇಡ್ತಿದ್ದೆ. ಇಡದಿದ್ರ ಬಿದ್ದಬಿಡ್ತಿದ್ದ. ನಿನ್ನ ಕೈ ಮುಟ್ಟಿ ನೋಡಿದೆ ಇವತ್ತು. ಅಪ್ಪನ ಕೈನ ಆಗಿತ್ತು. ಅದಕ್ಕ ನಾ ಎದ್ದು ಬಂದೆ."

ಬಸ್ಸು ಒಂದು ಹಂಪು ಹಾರಿತು. ಅರಿಸಿನ ಮೆತ್ತಿದ ಗುಳಿಗೆಗಳು, ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದ ಅಪ್ಪ, ಮೇಲಿಂದ ಮೇಲೆ ಬರುತ್ತಿದ್ದ ಮೈಲಾರಪ್ಪ. ಇಡೀ ಸೀಮೆ ಆ ಬೆವರಿಗೆ ಕೈ ಮುಗಿದು ಹೊಲ ಕೊಂಡಿತ್ತು, ಮದುವೆ ಮಾಡಿತ್ತು, ಜಗಳ ಬಿಟ್ಟಿತ್ತು. ಅಪ್ಪನ ತೋಳಿನ ಮೇಲೂ ಒಂದು ಬಿಲ್ಲೆ ಇದ್ದಿದ್ದರೆ ಆ ಎಲ್ಲ ನುಡಿಗಳ ಅಡಿಯಲ್ಲಿ ಒಂದೊಂದು ಕೆಂಪು ಚುಕ್ಕೆ ಇರುತ್ತಿತ್ತೇನೋ. ಇರುತ್ತಿರಲಿಲ್ಲವೇನೋ. ಕೇಳಲು ಅಪ್ಪನಿಲ್ಲ. ಅಪ್ಪನೂ ಹೀಗೆಯೇ, ನಡುಗುತ್ತಾ, ತನಗೆ ಗೊತ್ತಿದ್ದುದನ್ನೇ ಹೇಳಿದ್ದನೇ? ಹೇಳಿ, ಇಡೀ ದಾರಿ ಹೀಗೆಯೇ ಸುಸ್ತಾಗಿ ಮನೆಗೆ ಬಂದಿದ್ದನೇ? ಒಂದೇ ಗೊತ್ತು: ಇದನ್ನು ಈ ಬಸ್ಸಿನಲ್ಲಿ ಬಾಯಿ ಬಿಟ್ಟು ಹೇಳಿದರೆ ಅಕ್ಕ ಒಂದೇ ಮಧ್ಯಾಹ್ನದಲ್ಲಿ ಕಾಲನ್ನೂ ಅಪ್ಪನನ್ನೂ ಕಳೆದುಕೊಳ್ಳುತ್ತಾಳೆ. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. ಒಂದು ಕಡೆ ಫೋನು ಬೆಚ್ಚಗಿತ್ತು, ಇನ್ನೊಂದು ಕಡೆ ಬೆಲ್ಲ ಅಂಗಿಗೆ ಅಂಟುತ್ತಿತ್ತು.

ಅಕ್ಕ ನಿದ್ದೆ ಹೋಗಿ ಅವನ ಭುಜಕ್ಕೆ ಒರಗಿದಳು. ಅವಳ ತಲೆಯ ಭಾರ ನೆಟ್ಟಗೆ ಬಿಲ್ಲೆಯ ಮೇಲೆ ಬಿತ್ತು. ಇಷ್ಟು ದಿನ ನೋಯದಿದ್ದುದು ಈಗ ನೋಯತೊಡಗಿತು. ಅವನು ತೋಳು ಸರಿಸಲಿಲ್ಲ.

ದಾವಣಗೆರೆಯ ದೀಪಗಳು ಕಾಣುವ ಹೊತ್ತಿಗೆ ಅವನಿಗೂ ಮಂಪರು ಹತ್ತಿತ್ತು. ಎಬ್ಬಿಸಿದವಳು ಅವಳೇ. ಸೆರಗು ಸಿಕ್ಕಿಸಿಕೊಂಡು, ಮುಂದಿನ ಸೀಟಿನ ಕಂಬಿ ಹಿಡಿದು, ಕೆಟ್ಟ ಕಾಲನ್ನು ಮೊದಲು ಊರಿ ಎದ್ದು ನಿಂತಿದ್ದಳು.

"ಏಳಲೇ. ಹೇಳಿದವ್ನು ನೀನು, ನೀ ಮಲಗಿದ್ರ ಹೆಂಗ" ಎಂದಳು.

ಅವನು ಅವಳ ಮುಖ ನೋಡಿದ. ಅಲ್ಲಿ ಏನೂ ಕಾಣಲಿಲ್ಲ, ಇಳಿಯಬೇಕಾದವರ ಅವಸರ ಮಾತ್ರ. ಚೀಲ ಹೆಗಲಿಗೇರಿಸಿ, ಅವಳ ಕೈ ಹಿಡಿದುಕೊಂಡು ಮೆಟ್ಟಿಲಿನ ಕಡೆ ನಡೆದ. ಕೈ ತಣ್ಣಗಿತ್ತು, ಬೆವೆತಿತ್ತು. ಅವಳದೋ ತನ್ನದೋ ತಿಳಿಯಲಿಲ್ಲ. ಜೇಬಿನ ಬೆಲ್ಲ ತೆಗೆದು ಮುರಿದು, ಅರ್ಧ ಅವಳ ಬಾಯಿಗಿಟ್ಟ.